ಕಲಾಯಿ ಬೇಡದ ಪಾತ್ರೆ

ಲೋಕದಲ್ಲಿ ಹಾವಿಗೆ ಹೆದರುವವರುಂಟು, ಅತ್ತೆಗೆ ಹೆದರುವವರುಂಟು. ನಮ್ಮ ಶ್ರೀನಿವಾಸಪುರದ ಚಿಕ್ಕಗಂಗಮ್ಮ ಹೆದರುವುದು ಪಾತ್ರೆಗೆ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಅಡುಗೆಮನೆಗೆ ನುಗ್ಗಿ, ತವರದ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯೊಳಗೆ ತಲೆ ತೂರಿಸಿ, "ಅಮ್ಮೋ! ಕಲಾಯಿ ಹೋಗೈತೆ ಕಣೇ, ಹುಳಿ ಹಾಕ್ಬೇಡ, ಕಿಲುಬು ಸಾರಿಗಿಳೀತೈತೆ!" ಎಂದು ಎದೆ ಹಿಡಿದುಕೊಳ್ಳುತ್ತಾಳೆ. ಇದನ್ನು ನೋಡಲಾರದೆ ಅಳಿಯ ಅಶ್ವತ್ಥಪ್ಪ, ಎರಡನೇ ಮಹಾಯುದ್ಧ ಮುಗಿದ ಮೇಲೆ, ಮದರಾಸಿನಿಂದ ಸ್ಟೀಲ್ ಪಾತ್ರೆ ತಂದುಕೊಟ್ಟ. "ಇದಕ್ಕೆ ಕಲಾಯಿನೇ ಬೇಡ ಅತ್ತೆ, ಹುಳಿ ಏನೂ ಮಾಡಲ್ಲ." ಕಲಾಯಿ ಬೇಡ ಎಂದಿದ್ದೇ ತಡ, ಆಕೆಗಿದ್ದ ಅಷ್ಟಿಷ್ಟು ನಿದ್ದೆಯೂ ಹೋಯಿತು. ಒಳಗೇನು ಅಡಗಿದೆಯೋ ಎಂದು ಹೆಂಚು ಕೆರೆಯುವ ಕಬ್ಬಿಣದ ಸಟ್ಟುಗದಿಂದ ದಿನಾ ಕೆರೆದಳು. ಗೀರುಗಳಲ್ಲಿ ಕೆಂಪಗೆ ತುಕ್ಕು ಕಾಣಿಸಿತು. "ನೋಡಿದ್ರಾ ಅಳಿಯಂದ್ರೇ?" ಎಂದಳು. "ಅದರ ನುಣುಪು ಮೈನೇ ಅದಕ್ಕೆ ಕಲಾಯಿ ಅತ್ತೆ, ಕಬ್ಬಿಣದಲ್ಲಿ ಕೆರೆದು ನೀವೇ ತುಕ್ಕು ಹಿಡಿಸಿದ್ರಿ!" ಎಂದು ಅವನು ಹಣೆ ಚಚ್ಚಿಕೊಂಡ. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ, ಅವರ ಮನೆಯಲ್ಲಿ ಊಟಕ್ಕೆ ಕೂರುವ ತನಕ. ಆಗಲೇ ನನಗೆ ತಿಳಿದದ್ದು: ಯುದ್ಧದ ಕಾಲದಲ್ಲಿ ತವರ ಸಿಗದೆ ಕಲಾಯಿಯವನು ಊರಿಗೆ ಬಾರದ ವರ್ಷ, ಹಿತ್ತಾಳೆ ಪಾತ್ರೆಯಲ್ಲಿ ಉಳಿದಿದ್ದ ಮಾವಿನಕಾಯಿ ಸಾರು ಉಂಡು, ಆಕೆಯ ಕಿರಿಮಗಳು ವಾಂತಿ ಮಾಡಿಕೊಂಡೇ ತೀರಿಹೋಗಿದ್ದಳು. ಅಂದಿನಿಂದ ಯಾವ ಪಾತ್ರೆಯ ಸಾರಾದರೂ ಮೊದಲು ಉಣ್ಣುವವಳು ಚಿಕ್ಕಗಂಗಮ್ಮ ಒಬ್ಬಳೇ. ಮೊಮ್ಮಕ್ಕಳು ಎಲೆ ಮುಂದೆ ಸುಮ್ಮನೆ ಕಾಯುತ್ತವೆ. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು, ಗೋಡೆಗೊರಗಿ ಕೂತು, ಬಹಳ ಹೊತ್ತಾದ ಮೇಲೆ ಹೇಳುತ್ತಾಳೆ: "ನಂಗೇನೂ ಆಗಿಲ್ಲ. ಇನ್ನು ಉಣ್ರೋ ಮಕ್ಳಾ."