ನೆಂಟರ ಮನೆಗೆ ಹೋದ ಬೆಂಕಿ

ಮಧುಗಿರಿಯ ಬಸ್ ನಿಲ್ದಾಣದ ಎದುರು ನಮ್ಮ ಮಾವನ ಹೋಟೆಲಿತ್ತು. ಸೊಸೆಯಾಗಿ ಬಂದ ಆರೇ ತಿಂಗಳಿಗೆ ಬೋಂಡ ಕರಿಯುವ ಒಲೆ ನನ್ನ ಪಾಲಿಗೆ ಬಿತ್ತು. ಆ ಬೆಂಕಿ ಮಾವನ ಅಪ್ಪ ಹಚ್ಚಿದ್ದಂತೆ. ಅದು ಯಾವತ್ತೂ ಆರಬಾರದಂತೆ. ಕಡೇ ಬಸ್ಸು ಹೋದ ಮೇಲೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಊದಿ ಎಬ್ಬಿಸಬೇಕು. ಎಬ್ಬಿಸುವವಳು ನಾನು. ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಊದುವಾಗ ಆ ತಾತನನ್ನು ದಿನಾ ನೆನೆಯುತ್ತಿದ್ದೆ, ಭಕ್ತಿಯಿಂದಂತೂ ಅಲ್ಲ.

ಒಲೆ ಆರದಿದ್ದರೆ ಅದರ ಮೇಲಿನ ಹೊಗೆಗೂಡನ್ನು ಗುಡಿಸುವುದು ಹೇಗೆ? ತಗಡಿನ ಗೂಡಿನೊಳಗೆ ಎಣ್ಣೆ ಹೊಗೆ ವರ್ಷಗಟ್ಟಲೆ ಕೂತು ಬೆರಳು ದಪ್ಪ ಜಿಡ್ಡಾಗಿತ್ತು. ಬೇಸಿಗೆಯಲ್ಲಿ ಕರಗಿ ಬಾಣಲೆಗೂ ತೊಟ್ಟಿಕ್ಕುತ್ತಿತ್ತು. ನಮ್ಮ ಬೋಂಡದ ರುಚಿ ಬೇರೆಲ್ಲೂ ಇಲ್ಲ ಎಂದು ಗಿರಾಕಿಗಳು ಹೊಗಳಿದರೆ ನಾನು ಒಳಗೆ ಓಡಿಹೋಗಿ ನಗುತ್ತಿದ್ದೆ.

ಒಂದು ಮಧ್ಯಾಹ್ನ ಬಾಣಲೆಯ ಎಣ್ಣೆ ಹೊತ್ತಿಕೊಂಡು ಉರಿ ಗೂಡಿನೊಳಕ್ಕೆ ನುಗ್ಗಿತು. ಗೂಡಿನ ಹೊಗೆ ಕೊಳವೆಯ ಬಾಯಿಂದ ಕಿಡಿ ಹಾರಿ ಮುಂದಿನ ಗರಿಯ ಚಪ್ಪರದ ಮೇಲೆ ಬಿತ್ತು. ಗಿರಾಕಿಗಳು ಕೈಗೆ ಸಿಕ್ಕ ಲೋಟದ ನೀರೆಲ್ಲ ಎರಚಿ ಚಪ್ಪರ ಆರಿಸಿದರು. ಒಬ್ಬ ಮಹಾನುಭಾವ ಕಾಫಿಯನ್ನೇ ಎರಚಿದ. ಆಗ ನಗು ಬರಲಿಲ್ಲ. ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಹೋಟೆಲೂ ಬೂದಿ, ಒಲೆ ಮುಂದಿನ ನಾನೂ ಬೂದಿ.

ಆ ವಾರವೇ ಶಿರಾದಿಂದ ತಗಡಿನ ಕೆಲಸದ ಸಾಬರು ಬಂದರು. ಗೂಡಿನಿಂದ ಒಂದು ಚೂರು ಜಿಡ್ಡು ಕೆರೆದು ಕೆಂಡದ ಮೇಲಿಟ್ಟರು. ಅದು ಬುಗ್ಗೆಂದು ಹೊತ್ತಿಕೊಂಡಿತು.

"ಮಸಿ ಅಲ್ಲ ಯಜಮಾನ್ರೇ, ಪಟಾಕಿ ಮದ್ದು ಇದು! ಒಲೆ ಆರ್ಸಿ, ತಗಡು ತಣ್ಣಗಾಗ್ಲಿ. ಆಮೇಲೆ ನಾನು ಕೈ ಹಾಕೋದು."

"ಆರ್ಸೋದಾ? ನಮ್ಮಪ್ಪಂಗೆ ಮಾತು ಕೊಟ್ಟಿವ್ನಿ. ಆಗಾಕಿಲ್ಲ ಬುಡಿ," ಎಂದರು ಮಾವ.

ಸಾಬರು ಚೀಲ ಎತ್ತಿಕೊಂಡರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮಾವ, ಆರ್ಸೋದ್ಯಾಕೆ? ಒಂದೊತ್ತು ಮನೆ ಒಲೆಗೆ ನೆಂಟನಂಗೆ ಹೋಗಿ ಬರ್ಲಿ."

ಮಾವ ನನ್ನನ್ನೇ ನೋಡಿದರು. "ನೀನೇ ಕಾಯ್ಬೇಕು ಕಣಮ್ಮ. ಎದ್ದು ಬಂದ್ಯೋ, ನೋಡು!"

ಬಾಂಡ್ಲಿಯಲ್ಲಿ ಕೆಂಡ ಹೊತ್ತು ಹಿಂದಿನ ಬೀದಿಯ ಮನೆಗೆ ಹೋಗಿ, ಒಲೆಗೆ ಸುರಿದು, ಎರಡು ಸೌದೆ ಇಟ್ಟು ಕೂತೆ. ಎಷ್ಟು ಹೊತ್ತು ಕೂರುವುದು? ಹೋಟೆಲಿನ ಹಿಂಬಾಗಿಲಿಗೆ ಹೋಗಿ ಇಣುಕಿದೆ. ಸಾಬರು ಗೂಡಿನೊಳಗೆ ತಲೆ ತೂರಿಸಿ ಕರಕರ ಕೆರೆದರು, ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೆಂಗಿನ ನಾರು ಅದ್ದಿ ಉಜ್ಜಿದರು. ಹೊರಗೆ ಬಂದಾಗ ಬಿಳಿ ಗಡ್ಡವೆಲ್ಲ ಕರ್ರಗಾಗಿತ್ತು.

"ಸಾಬ್ರೇ, ಇಪ್ಪತ್ತು ವರ್ಷ ಚಿಕ್ಕೋರಾಗ್ಬುಟ್ರಲ್ಲ!"

"ಮನೇಲಿ ಬೀಬಿ ಒಳಗೆ ಬಿಟ್ಕೊಂಡ್ರೆ ಸಾಕಮ್ಮ," ಎಂದು ನಕ್ಕರು.

ಮನೆಗೆ ಓಡಿಬಂದೆ. ಒಲೆ ತಣ್ಣಗಿತ್ತು. ಊದಿದರೆ ಬೂದಿ ನನ್ನ ಮುಖಕ್ಕೇ ಹಾರಿತು. ಅಯ್ಯೋ ಶಿವನೇ! ಒಲೆ ಪಕ್ಕದ ಕಡ್ಡಿಪೆಟ್ಟಿಗೆ ತೆಗೆದು ಗೀರಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೌದೆ ಕೆಂಡವಾದದ್ದೇ ಬಾಂಡ್ಲಿ ಹಿಡಿದು ಹೊರಟೆ.

ಮಾವ ಕರ್ಪೂರ ಬೆಳಗಿ ಬೆಂಕಿಯನ್ನು ಒಲೆಗೆ ಬರಮಾಡಿಕೊಂಡರು. ಮೊದಲ ಕಾಫಿ ಕುಡಿದು, "ನೋಡು, ನಮ್ಮಪ್ಪನ ಬೆಂಕಿ ರುಚೀನೇ ಬೇರೆ," ಎಂದರು. ನಾನು ಸೆರಗು ಕಚ್ಚಿಕೊಂಡು ನಿಂತೆ.

ಅಂದಿನಿಂದ ಆರು ತಿಂಗಳಿಗೊಮ್ಮೆ ಸಾಬರು ಬರುವುದು, ಬೆಂಕಿ ನೆಂಟರ ಮನೆಗೆ ಹೋಗುವುದು. ನನಗೆ ಎಷ್ಟು ಕೊಬ್ಬು ಬಂತೆಂದರೆ, ಮೂರನೇ ಸಲದಿಂದ ಬರೀ ಬೂದಿ ಹೊತ್ತು ಹೋಗತೊಡಗಿದೆ. ಮನೆಯಲ್ಲಿ ಒಂದು ನಿದ್ದೆ ತೆಗೆದು, ಕಡ್ಡಿ ಗೀರಿ ಬೆಂಕಿ ತರುತ್ತಿದ್ದೆ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಸಾಬರು ಮತ್ತೆ ಬಂದರು. ಬಾಂಡ್ಲಿಗೆ ಕೈ ಹಾಕಿದೆ. ಮಾವ ಅದನ್ನು ಕಸಿದು ಪಕ್ಕಕ್ಕಿಟ್ಟು, ಅಂಗಿ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು.

"ಬಿಸ್ಲಲ್ಲಿ ಬೂದಿ ಯಾಕಮ್ಮ ಹೊರ್ತೀಯ? ಸಾಬ್ರ ಕೆಲ್ಸ ಆದ್ಮೇಲೆ ಇಲ್ಲೇ ಹಚ್ಚು."

ನಾಚಿಕೆಯಿಂದ ಸತ್ತೇಹೋದೆ. "ಯಾವಾಗ ಗೊತ್ತಾಯ್ತು ಮಾವ?"

"ಮೊದಲ್ನೇ ದಿನವೇ. ಕಡ್ಡಿಪೆಟ್ಟಿಗೆ ನಿನ್ ಸೊಂಟದಾಗೇ ಇತ್ತಲ್ಲ."

"ಮತ್ತೆ ಕಾಫಿ ಹೊಗಳಿದ್ರಿ?"

"ಹೂಂ. ಕಿಡಿ ಬಿದ್ದಾಗಿಂದ ನಂಗೂ ನಿದ್ದೆ ಇರ್ಲಿಲ್ಲ ಕಣಮ್ಮ. ಅಪ್ಪಂಗೆ ಕೊಟ್ಟ ಮಾತು ನಾನು ಮುರಿಯೋಕಾಗಾಕಿಲ್ಲ. ನೀನು ಮುರಿದ್ಯಲ್ಲ, ಸುಮ್ಕಾದೆ."