ಬಸ್‌ಸ್ಟ್ಯಾಂಡಿನಲ್ಲಿ ಕೂತವರು

ಬರೆಯುವುದು ಸಾಕಾಗಿದೆ ಅಂತ ಈಗೀಗ ಎಲ್ಲರಿಗೂ ಹೇಳುತ್ತಿರುತ್ತೇನೆ. ಶಿಗ್ಲಿಯ ದೊಡ್ಡವ್ವನ ಮುಂದೆ ಮಾತ್ರ ಆ ಮಾತು ನಡೆಯುವುದಿಲ್ಲ. ಅವಳು ನನ್ನ ಅವ್ವನ ಅಕ್ಕ. ನಾನು ಮಾತು ಕಲಿತದ್ದೇ ಅವಳ ತೊಡೆಯ ಮೇಲೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳಕೊಂಡು ತಮ್ಮನ ಮನೆ ಸೇರಿದವಳು. ಈಗ ಕಣ್ಣು ಮಂಜಾಗಿವೆ.

ಹೋದ ದೀಪಾವಳಿ ವಿಶೇಷಾಂಕದಲ್ಲಿ ನನ್ನದೊಂದು ಕತೆ ಬಂದಿತ್ತು. ಓದಿ ಹೇಳು ಅಂದಳು, ಓದಿದೆ. ನಡುವೆ ಒಬ್ಬ ಉಳ್ಳಾಗಡ್ಡಿ ಮಾರುವವನು ಬರುತ್ತಾನೆ. ಗದಗಿನ ಮಾರ್ಕೆಟ್ಟು ಮುಗಿಸಿ, ಲಕ್ಷ್ಮೇಶ್ವರದಲ್ಲಿ ಕಡೇ ಬಸ್ಸು ತಪ್ಪಿ, ಖಾಲಿ ಚೀಲ ಹಾಸಿಕೊಂಡು ಕೂಡುತ್ತಾನೆ. ಅಷ್ಟೇ ಅವನ ಪಾಲು. ಒಂದು ಹೆಸರು ಬೇಕಿತ್ತು, ಇಟ್ಟಿದ್ದೆ. ನಮ್ಮ ಕಡೆ ಯಾವ ಸಂತೆಯಲ್ಲಿ ಕೂಗಿದರೂ ನಾಲ್ಕು ಮಂದಿ ತಿರುಗಿ ನೋಡುವಂಥ ಹೆಸರು.

“ಇನ್ನೊಮ್ಮೆ ಓದು,” ಅಂದಳು ದೊಡ್ಡವ್ವ. ಓದಿದೆ. ಸೆರಗು ಬಾಯಿಗೆ ಹಿಡಿದು ಕೂತಳು.

ಒಳಗಿಂದ ಸೋದರಮಾವನ ಹೆಂಡತಿ, ನಮ್ಮತ್ತಿ, ಅಂದಳು: “ಯಪ್ಪಾ, ಅದು ನಿಮ್ಮ ದೊಡ್ಡಪ್ಪನ ಹೆಸರೋ!”

ನನಗೆ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಹೋದವರು. ಒಂದು ಫೋಟೋ ಸಹ ಇಲ್ಲ. ಮಕ್ಕಳಿಲ್ಲ, ಹೀಗಾಗಿ ಆ ಹೆಸರು ಇಡಲು ಮೊಮ್ಮಗನೂ ಇಲ್ಲ. ಗಂಡನ ಹೆಸರು ಹೇಳುವ ಪದ್ಧತಿಯಂತೂ ಇಲ್ಲವೇ ಇಲ್ಲ. ಕರೆಯುತ್ತಿದ್ದವರೆಲ್ಲ ತೀರಿಕೊಂಡ ಮೇಲೆ ಅದು ಈ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

“ಆಮ್ಯಾಲೆ ಏನಾತು ಅವ್ರಿಗೆ?”

“ಯಾರಿಗೆ?”

“ಬಸ್‌ಸ್ಟ್ಯಾಂಡಿನ್ಯಾಗ ಕುಂತಾರಲ್ಲ, ಅವ್ರಿಗೆ.”

“ಅವಂದು ಅಷ್ಟ ದೊಡ್ಡವ್ವಾ. ಮುಂದಿಂದು ಬರದಿಲ್ಲ.”

“ಚಲೋ ಬರದಿ ಬಿಡು! ಹಸದ ಮನಶ್ಯಾನ್ನ ಥಂಡ್ಯಾಗ ಕುಂಡ್ರಿಸಿ, ಇಲ್ಲಿ ಬಂದು ಮಂಡಕ್ಕಿ ತಿನ್ನಾಕತ್ತೀಯೇನಲೇ? ಮನಿಗೆ ಕಳಸು ಅವ್ರನ್ನ.”

ಕಳಿಸಲೇಬೇಕಾಯಿತು. ಪುಸ್ತಕ ಹಿಡಿದುಕೊಂಡು ಓದುವವರ ಹಾಗೆ ಬಾಯಿಂದಲೇ ಮುಂದುವರಿಸಿದೆ. ಟ್ರ್ಯಾಕ್ಟರ್ ಬಂತು ಅಂದೆ. “ಆಗೆಲ್ಲಿ ಟ್ರ್ಯಾಕ್ಟರ್? ಚಕ್ಕಡಿ ಅನ್ನು.” ಚಕ್ಕಡಿ ಬಂತು. ಮನೆಗೆ ಬಂದು ಚಹಾ ಕುಡಿದರು ಅಂದೆ. “ಅವ್ರು ಚಾ ಕುಡೀತಿದ್ದಿಲ್ಲ, ಮಜ್ಜಿಗಿ ಅನ್ನು. ಬಾಗಲಕ್ಕ ಬಂದ್ರ ಕೆಮ್ಮತಿದ್ರು, ಅದನ್ನೂ ಹಾಕು.” ಹಾಕಿದೆ.

ಅಂದಿನಿಂದ ಹೋದಾಗೆಲ್ಲ ಇದೇ ಕೆಲಸ. ಬಾಕಿ ಕತೆ ಬೇಡವಂತೆ, ಬಸ್‌ಸ್ಟ್ಯಾಂಡಿನಿಂದ ಓದಬೇಕಂತೆ. ಹೆಸರು ಬಂದಲ್ಲಿ ಕೈ ಎತ್ತಿ ನಿಲ್ಲಿಸಿ, ಮತ್ತೊಮ್ಮೆ ಅನ್ನಿಸುತ್ತಾಳೆ. ನನಗೂ ವಯಸ್ಸಾಯಿತು, ಮುಂಡರಗಿಯಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಮೊನ್ನೆ ಬೇಸತ್ತು ಅಂದೆ: “ಒಮ್ಮಿ ಆ ಹೆಸರು ನೀನ ಹೇಳಬಾರದೇನು ದೊಡ್ಡವ್ವಾ? ಈಗ ಯಾರು ಏನಂತಾರ?”

ಬಾಯಿ ತೆರೆದಳು. ತುಟಿ ಅಲುಗಿದವು. ಹೇಳಿಯೇಬಿಡುತ್ತಾಳೆ ಅಂದುಕೊಂಡೆ.

“ಆಗೂದಿಲ್ಲೋ ತಮ್ಮಾ. ನೀ ಓದು.”

ಕನ್ನಡಕ ಹುಡುಕಿ ಹಾಕಿಕೊಂಡೆ.