ಸಂಗಡ ಇಳಿದ ಸಾಲು

ಅಡ್ಮಿನ್ ಕಾಕಾರ ಬಲಗೈ ಹೆಬ್ಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಹರೆಯದಲ್ಲೇ ಮೆಷಿನ್ನಿಗೆ ಕೊಟ್ಟು ಬಂದದ್ದಂತೆ. ಉಳಿದ ಗಿಡ್ಡ ತುದಿ ನುಣುಪಾಗಿ ಹೊಳೆಯುತ್ತಿತ್ತು. ಮಾತಾಡುವಾಗ ಅದರಿಂದಲೇ ಮೀಸೆ ತೀಡಿಕೊಳ್ಳುತ್ತಿದ್ದರು. ಹೊಸಬರು ಅದನ್ನೇ ನೋಡುತ್ತ ಕೂತು, ಹೇಳಬೇಕೆಂದಿದ್ದ ಮಾತನ್ನು ಮರೆತುಬಿಡುತ್ತಿದ್ದರು. ಆ ಬೆರಳಿನಲ್ಲಿ ಮೊಬೈಲಿನ ಕನ್ನಡ ಕೀಗಳನ್ನು ಒತ್ತುವುದು ಆಗುವ ಹೋಗುವ ಕೆಲಸವಲ್ಲ. ಹಾಗಾಗಿ ನಮ್ಮ ಗುಂಪಿನಲ್ಲಿ ಅವರು ಬರೆದದ್ದು ಕಡಿಮೆ, ಮಾತಾಡಿ ಕಳಿಸಿದ್ದೇ ಎಲ್ಲ. ಹಿಂದೆ ಕುಕ್ಕರ್ ಕೂಗುತ್ತಿರುತ್ತಿತ್ತು, ಇಲ್ಲವೇ ಸ್ಟೇಷನ್ನಿನ ಅನೌನ್ಸ್‌ಮೆಂಟ್. ನಡುವೆ ಧಾರವಾಡ ಕಡೆಯ ಆ ದಪ್ಪ ದನಿ.

ಗುಂಪು ಎಂದರೆ ದೊಡ್ಡ ಸಾಹಿತ್ಯ ಸಂಘವೇನೂ ಅಲ್ಲ ಮಾರಾಯ್ರೇ, ವಾಟ್ಸಾಪ್ ಗುಂಪು. ಠಾಣೆಯಿಂದ ಅಂಬರನಾಥದವರೆಗೆ, ಆಚೆ ವಾಶಿಯ ಕಡೆಗೆ, ಲೋಕಲ್ ರೈಲು ಹಿಡಿದು ಓಡಾಡುವ, ಕವಿತೆ ಬರೆಯುವ ಖಯಾಲಿ ಅಂಟಿಕೊಂಡ ಒಂದಿಷ್ಟು ಕನ್ನಡದ ಜನ. ಒಬ್ಬರಿಗೂ ಹೆಸರಿಲ್ಲ, ಪುಸ್ತಕವಿಲ್ಲ. ಮನೆಯಲ್ಲಿ ಓದಿ ಹೇಳೋಣವೆಂದರೆ ಮಕ್ಕಳು ಮರಾಠಿಯಲ್ಲಿ ‘ಕಾಯ್?’, ಏನದು, ಎನ್ನುತ್ತವೆ. ಕೇಳುವವರು ಬೇಕಲ್ಲ, ಅದಕ್ಕೆ ಈ ಗುಂಪು. ಶುರು ಮಾಡಿದವರು ಕಾಕಾ. ನಿವೃತ್ತಿಯಾದ ಮೇಲೆ ಮಾಡಲು ಬೇರೇನೂ ಇರಲಿಲ್ಲ ಎಂದು ಅವರೇ ಹೇಳುತ್ತಿದ್ದರು.

ನಾನು ಸೇರಿದ ದಿನವೇ ಬೈಸಿಕೊಂಡೆ. ಠಾಣೆಯ ವರ್ತಕ ನಗರದಲ್ಲಿ ಹೋಟೆಲ್ ಇಟ್ಟುಕೊಂಡಿರುವ ನಮ್ಮೂರ ಕಡೆಯವರೊಬ್ಬರು ಒಂದು ಪ್ರೇಮಕವಿತೆ ಹಾಕಿದ್ದರು. ನಾನು ಮರ್ಯಾದೆಗೆಂದು ಎರಡು ಗುಲಾಬಿ, ಒಂದು ಚಪ್ಪಾಳೆ ಹಾಕಿದೆ. ಕೂಡಲೇ ಕಾಕಾರ ದನಿ ಬಂತು: ‘ತಂಗೀ, ಹೂ ಮದುವಿಗೂ ಹಾಕ್ತಾರ, ಹೆಣಕ್ಕೂ ಹಾಕ್ತಾರ. ಕವಿತಿಗೆ ಬ್ಯಾಡ. ನಿನ್ನ ಸಂಗಡ ಯಾವ ಸಾಲು ಇಳೀತು, ಅಷ್ಟ ಹೇಳು.’

ಅದು ಆ ಗುಂಪಿನ ಕಟ್ಟಳೆ. ಕವಿತೆಯನ್ನು ಗಾಡಿಯಲ್ಲಿ ಓದಬೇಕು. ಇಳಿಯುವ ಮೊದಲು ಫೋನ್ ಚೀಲಕ್ಕೆ ಹಾಕಬೇಕು. ಪ್ಲಾಟ್‌ಫಾರ್ಮಿನ ನೂಕುನುಗ್ಗಲು ದಾಟಿ, ಬ್ರಿಜ್ ಹತ್ತಿಳಿದು, ರಿಕ್ಷಾದ ಸಾಲಿಗೆ ಬಂದು ನಿಂತ ಮೇಲೂ ಯಾವ ಸಾಲು ಸಂಗಡ ಇದೆಯೋ ಅದನ್ನು ಮಾತ್ರ ಗುಂಪಿನಲ್ಲಿ ಹಾಕಬೇಕು. ಮತ್ತೆ ಕವಿತೆ ತೆರೆದು ನೋಡುವಂತಿಲ್ಲ. ತಪ್ಪಾಗಿ ನೆನಪಿದ್ದರೆ ತಪ್ಪಾಗಿಯೇ ಹಾಕಬೇಕು. ಬರೆದವರಿಗೆ ಸಿಟ್ಟು ಬಂದರೆ ಕಾಕಾ ನಗುತ್ತಿದ್ದರು. ಮಂದಿಯ ಬಾಯಲ್ಲಿ ಸಾಲು ಬದಲಾದರೆ ಮಂದಿಯ ಮಾತನ್ನೇ ಕೇಳು, ಅವರು ಎಷ್ಟೋ ಸಲ ನಿನಗಿಂತ ಚೆನ್ನಾಗಿ ಬರೆದಿರುತ್ತಾರೆ ಎನ್ನುತ್ತಿದ್ದರು. ಏನೂ ನೆನಪಿಲ್ಲದಿದ್ದರೆ ‘ಇಳೀಲಿಲ್ಲ’ ಎಂದು ಹಾಕಬೇಕು. ಆ ಒಂದು ಶಬ್ದಕ್ಕೆ ನಾವು ಎಷ್ಟು ಹೆದರುತ್ತಿದ್ದೆವು ಎಂದರೆ, ಎದುರು ಸೀಟಿನಲ್ಲಿ ಯಾರಾದರೂ ನಿದ್ದೆ ಹೋದರೆ ಅವರೂ ನನ್ನ ಕವಿತೆ ಓದಿಯೇ ಮಲಗಿದರೇನೋ ಎಂದು ನನಗೆ ಅನುಮಾನ ಬರುತ್ತಿತ್ತು.

ತಮಾಷೆ ಎಂದರೆ, ಕಾಕಾ ಸ್ವತಃ ಒಳ್ಳೆಯ ಕವಿಯಲ್ಲ. ಇದನ್ನು ಅವರಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಹಬ್ಬಕ್ಕೊಮ್ಮೆ ಒಂದು ಕವಿತೆಯನ್ನು ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಅದರಲ್ಲಿ ಲೋಕಕ್ಕೆಲ್ಲ ಬುದ್ಧಿವಾದ ಇರುತ್ತಿತ್ತು. ಸಂಜೆಯಾಗುತ್ತಲೇ ‘ಇಳೀಲಿಲ್ಲ ಕಾಕಾ’, ‘ನಂಗೂ ಇಳೀಲಿಲ್ಲ ಕಾಕಾ’ ಎಂದು ಒಂದರ ಹಿಂದೆ ಒಂದು ಬೀಳುತ್ತಿತ್ತು. ಅವರಿಗೆ ಬೇಜಾರಿಲ್ಲ. ‘ಇರ್ಲಿ ಬಿಡ್ರಿ, ಮುಂದಿನ ಗಾಡಿಗೆ ನೋಡೂಣು’ ಎಂದು ಕಳಿಸುತ್ತಿದ್ದರು. ತಮ್ಮ ಕವಿತೆಗೆ ಇಷ್ಟು ನಿರಾಳವಾಗಿ ಸೋಲುವ ಮನುಷ್ಯನ ಎದುರು ನಾವು ನಮ್ಮದನ್ನು ಹಿಡಿದುಕೊಂಡು ಅಳುವುದು ಹೇಗೆ?

ವಾಶಿಯ ಹುಡುಗಿಯೊಬ್ಬಳು ಬಂದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ಲಿಪಿ ಬಾರದು. ಕನ್ನಡದ ಕವಿತೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಕಿದಳು, ನಡುನಡುವೆ ಹಿಂದಿ. ಒಂದಿಬ್ಬರು ಮುಸಿಮುಸಿ ನಗುವ ಮುಖದ ಚಿತ್ರ ಹಾಕಿದರು. ಕಾಕಾ ಏನೂ ಬೈಯಲಿಲ್ಲ. ಆ ಕವಿತೆಯನ್ನು ತಮ್ಮ ದನಿಯಲ್ಲಿ, ನಿಧಾನವಾಗಿ, ಅವಳ ಹಿಂದಿಯನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ಓದಿ ಕಳಿಸಿದರು. ಕೇಳಿದ ಮೇಲೆ ನಗುವ ಮುಖಗಳು ಒಂದೊಂದಾಗಿ ಅಳಿಸಿಹೋದವು. ಆ ಸಂಜೆ ಅವಳ ಎರಡು ಸಾಲು ನನ್ನ ಸಂಗಡ ಡೊಂಬಿವಲಿಯಲ್ಲಿ ಇಳಿದಿದ್ದವು.

ಈಗ ನನ್ನ ವಿಷಯ. ಡೊಂಬಿವಲಿಯ ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ನನ್ನ ತಮ್ಮ ಚಿಕ್ಕು. ಚಿಕ್ಕು ವಾಶಿಯಲ್ಲಿ ದೊಡ್ಡಪ್ಪನ ಹೋಟೆಲಿನ ಕೌಂಟರ್ ನೋಡಿಕೊಳ್ಳುತ್ತಿದ್ದ. ಕಿಸೆಯಲ್ಲಿ ಕೀಲಿಕೈ ಇದ್ದರೂ ಬಾಗಿಲಿಗೆ ಬಂದು ಎರಡು ಸಲ ಬೆಲ್ ಒತ್ತುವವನು. ದೋಸೆ ಹೊಯ್ಯಿ ಎಂದು ಅಮ್ಮನಿಗೆ ಅದು ಸಂಜ್ಞೆ. ದಿನವಿಡೀ ಹೋಟೆಲಿನಲ್ಲಿ ದೋಸೆಯ ನಡುವೆಯೇ ಇದ್ದು ಬಂದವನಿಗೆ ಮನೆಯಲ್ಲೂ ದೋಸೆಯೇ ಬೇಕು. ಎಂಥ ಹುಚ್ಚು ಅಂತ ನಾನು ಬೈಯುತ್ತಿದ್ದೆ.

ಒಂದು ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಅವನ ಹೆಸರೇ ನಿಂತುಹೋಯಿತು. ನಾನು ಹೇಳಿದರೆ ಅಮ್ಮ ಅತ್ತಾಳು ಎಂದು ನಾನು ಹೇಳಲಿಲ್ಲ. ಅಮ್ಮ ಹೇಳಿದರೆ ನಾನು ಅತ್ತೇನು ಎಂದು ಅಮ್ಮ ಹೇಳಲಿಲ್ಲ. ಅವನ ಅಂಗಿಗಳು ಕಪಾಟಿನಿಂದ ಅಟ್ಟಕ್ಕೆ ಹೋದವು. ಟಿವಿಯ ಸದ್ದು ಜಾಸ್ತಿಯಾಯಿತು. ನನಗೆ ಒಳಗೊಳಗೇ ಹೆದರಿಕೆ. ಹೀಗೇ ಬಿಟ್ಟರೆ ಅಂಥವನೊಬ್ಬ ಈ ಮನೆಯಲ್ಲಿದ್ದ ಎನ್ನುವುದೇ ಅಳಿಸಿಹೋದೀತು, ಅವನು ಎರಡನೆಯ ಸಲ ಹೋದ ಹಾಗಾದೀತು ಎಂದು. ಬಾಯಲ್ಲಿ ಹೇಳಲಾಗದ್ದನ್ನು ಕವಿತೆಯಲ್ಲಾದರೂ ಹೇಳೋಣವೆಂದು ಒಂದು ಬರೆದೆ. ‘ಬಾಡಿದ ಮೊಗ್ಗೇ, ಆರಿದ ದೀಪವೇ, ತೀರ ಕಾಣದ ದೋಣಿಯೇ’ ಎಂದು ಶುರು. ಕೊನೆಯವರೆಗೂ ಅದೇ ಧಾಟಿ. ಬರೆಯುವಾಗ ಎಷ್ಟು ಅತ್ತಿದ್ದೆನೋ ನನಗೇ ಗೊತ್ತು. ಗುಂಪಿನಲ್ಲಿ ಹಾಕಿದೆ.

ಎಲ್ಲರಿಗೂ ನಮ್ಮ ಮನೆಯ ಸುದ್ದಿ ಗೊತ್ತಿತ್ತು. ಹಾಗಾಗಿ ಕಟ್ಟಳೆ ಮುರಿದರು. ಕೈಮುಗಿದ ಚಿತ್ರಗಳು, ಹೂಗಳು, ‘ಕಣ್ಣೀರು ಬಂತು’ ಎಂಬ ಮಾತುಗಳು ಸಾಲುಗಟ್ಟಿದವು. ಸಂಜೆ ಕಾಕಾರ ದನಿ ಬಂತು. ತುಂಬ ಮೆತ್ತಗಿತ್ತು. ‘ತಂಗೀ, ನನ್ನ ಸಂಗಡ ಒಂದೂ ಇಳೀಲಿಲ್ಲವ್ವಾ. ಇದರಾಗ ದೀಪ ಅದ, ದೋಣಿ ಅದ. ನಿನ್ನ ತಮ್ಮ ಎಲ್ಲದಾನ?’

ಮೈಯೆಲ್ಲ ಉರಿದುಹೋಯಿತು. ಸತ್ತವನ ಮೇಲೆ ಬರೆದದ್ದಕ್ಕೂ ಮಾರ್ಕು ಹಾಕುವವರಾ ಇವರು? ಬೆರಳಿಲ್ಲದವರಿಗೆ ಕರುಳೂ ಇಲ್ಲ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಗುಂಪು ಬಿಟ್ಟೆ. ಮರುದಿನ, ಅದರ ಮರುದಿನ ಅವರು ಫೋನ್ ಮಾಡಿದರು, ನಾನು ಎತ್ತಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಮ್ಮ ದೋಸೆ ಹೊಯ್ಯುತ್ತಿದ್ದಳು, ನಾನು ಬಟ್ಟೆ ಒಣಹಾಕುತ್ತಿದ್ದೆ. ಬೆಲ್ ಆಯಿತು. ಟಿವಿಯ ಗದ್ದಲದಲ್ಲಿ ಕೇಳಿಸಲಿಲ್ಲ ಎಂದುಕೊಂಡರೋ ಏನೋ, ಹೊರಗಿನವರು ಕೂಡಲೇ ಇನ್ನೊಮ್ಮೆ ಒತ್ತಿದರು. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮನ ಕೈ ತನ್ನಷ್ಟಕ್ಕೆ ಕಾವಲಿಗೆ ಇನ್ನೊಂದು ದೋಸೆ ಹೊಯ್ದಿತ್ತು. ಸೌಟು ಹಿಡಿದುಕೊಂಡೇ ಓಡಿಹೋಗಿ ಬಾಗಿಲು ತೆಗೆದಳು. ಎದುರಿಗೆ ಮೀಸೆಯ ಒಬ್ಬ ಮುದುಕ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ.

ಅಮ್ಮನ ಮುಖ ಹೇಗಾಯಿತು ಎಂದು ನಾನು ಬರೆಯಲಾರೆ. ಕಾಕಾ ನೋಡಿದರು. ವರ್ತಕ ನಗರದ ಹೋಟೆಲಿನವರ ಹತ್ತಿರ ವಿಳಾಸ ಕೇಳಿಕೊಂಡು ಬಂದಿದ್ದರು, ಹೇಳಬೇಕೆಂದಿದ್ದ ಮಾತು ಬೇರೆಯೇ ಏನೋ ಇತ್ತೋ ಏನೋ. ಅದನ್ನು ಬಿಟ್ಟು, ಒಳಗೆ ಏನೋ ಸೀಯುತ್ತಿದೆ ಎಂದಷ್ಟೇ ಹೇಳಿದರು. ನಾನು ಹೋಗಿ ಗ್ಯಾಸ್ ಆರಿಸಿದೆ. ದೋಸೆಯ ಒಂದು ಬದಿ ಕರ್ರಗಾಗಿತ್ತು. ಎಸೆಯಲು ಹೊರಟರೆ, ಇಲ್ಲಿ ತಾ ಎಂದು ತಟ್ಟೆಗೆ ಹಾಕಿಸಿಕೊಂಡರು. ಯಾರಿಗೆಂದು ಹೊಯ್ದದ್ದು ಇದು ಎಂದು ಅಮ್ಮನನ್ನು ಕೇಳಿದರು.

ಅಮ್ಮ ಸೌಟನ್ನು ಹಿಟ್ಟಿನ ಪಾತ್ರೆಗೆ ಹಾಕಿದಳು. ಕಾಕಾ ಸುಟ್ಟ ದೋಸೆ ಮುರಿದು ಬಾಯಿಗಿಟ್ಟರು. ‘ಹೇಳ್ರಿ ಅಕ್ಕಾರ’ ಅಂದರು. ‘ಅಂಬರನಾಥಕ್ಕ ಗಾಡಿ ಭಾಳ ಅದಾವ. ನನಗೇನೂ ಅವಸರಿಲ್ಲ.’

ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ‘ಚಿಕ್ಕುವಿಗೆ’ ಅಂದಳು. ಎಷ್ಟು ಸಮಯದ ಮೇಲೆ ಆ ಹೆಸರು ಆ ಗೋಡೆಗಳ ನಡುವೆ ಕೇಳಿದೆ ನಾನು! ಆಮೇಲೆ ಕಟ್ಟೆಯೊಡೆದ ಹಾಗೆ. ಅರ್ಧ ಕನ್ನಡ, ಅರ್ಧ ತುಳು, ಕಾಕಾರಿಗೆ ತುಳು ಬಾರದು ಎನ್ನುವುದೂ ಅವಳಿಗೆ ಗೊತ್ತಾಗಲಿಲ್ಲ. ಅವನು ಬೆಲ್ ಒತ್ತುತ್ತಿದ್ದದ್ದು, ದೋಸೆಯ ಗರಿಗರಿ ಅಂಚನ್ನು ಮೊದಲು ತಿಂದು ನಡುವಿನದನ್ನು ನನ್ನ ತಟ್ಟೆಗೆ ದಾಟಿಸುತ್ತಿದ್ದದ್ದು, ಹೆಲ್ಮೆಟ್ ತಲೆಯಲ್ಲೇ ಇಟ್ಟುಕೊಂಡು ಅದನ್ನೇ ಮನೆಯೆಲ್ಲ ಹುಡುಕಿದ್ದು. ಅದಕ್ಕೆ ಅಮ್ಮ ನಕ್ಕಳು. ನಗುತ್ತಲೇ ಅತ್ತಳು, ನಾನೂ ಅತ್ತೆ. ಇಷ್ಟು ದಿನ ಇದಕ್ಕೇ ಹೆದರಿದ್ದೆವಲ್ಲ ನಾವಿಬ್ಬರೂ, ಅತ್ತ ಮೇಲೆ ಏನೂ ಆಗಲಿಲ್ಲ. ಅಮ್ಮ ಎದ್ದು ಚಹಾ ಮಾಡಿದಳು.

ಕಾಕಾ ಕವಿತೆಯ ಸುದ್ದಿಯನ್ನೇ ಎತ್ತಲಿಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ಅಮ್ಮನನ್ನು ಕೇಳಿದ್ದು ಒಂದೇ: ಇನ್ನೊಮ್ಮೆ ಬಂದರೆ ಬೆಲ್ ಒಂದೇ ಸಲ ಒತ್ತಲೇ ಎಂದು.

‘ಎರಡು ಸಲವೇ ಒತ್ತಿ ಅಣ್ಣ’ ಎಂದಳು ಅಮ್ಮ. ‘ಯಾರಾದ್ರೂ ಒತ್ತಬೇಕಲ್ಲ.’

ಆ ವಾರವೇ ಗಾಡಿಯಲ್ಲಿ ನಿಂತುಕೊಂಡು ಇನ್ನೊಂದು ಬರೆದೆ. ಅದರಲ್ಲಿ ಮೊಗ್ಗು ಇರಲಿಲ್ಲ, ದೋಣಿ ಇರಲಿಲ್ಲ. ಬೆಲ್ ಇತ್ತು, ಹೆಲ್ಮೆಟ್ ಇತ್ತು, ಚಿಕ್ಕುವಿನ ಹೆಸರಿತ್ತು. ನಡುವೆ ಒಂದು ಕಡೆ, ‘ಎರಡು ಸಲ ಬೆಲ್ ಆದ ಕೂಡಲೇ, ಬಾಗಿಲು ತೆರೆಯುವ ಮೊದಲು, ಅಮ್ಮ ಮರೆತು ಇನ್ನೊಂದು ದೋಸೆ ಹೊಯ್ದಳು’ ಎಂದು ಬರೆದಿದ್ದೆ. ಕಾಕಾರಿಗೆ ಫೋನ್ ಮಾಡಿ ಗುಂಪಿಗೆ ಸೇರಿಸಿ ಎಂದೆ. ನಡುವೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಸೇರಿಸಿದರು. ಕವಿತೆ ಹಾಕಿದೆ. ಸಂಜೆ ಕಲ್ಯಾಣದಲ್ಲಿ ಇಳಿದವರು, ಠಾಣೆಯಲ್ಲಿ ಇಳಿದವರು ಹೆಚ್ಚುಕಡಿಮೆ ಎಲ್ಲರೂ ಆ ಒಂದೇ ಸಾಲು ಹಾಕಿದರು. ಆದರೆ ಒಬ್ಬರಿಗೂ ‘ಮರೆತು’ ಎನ್ನುವುದು ನೆನಪಿರಲಿಲ್ಲ. ‘ಬಾಗಿಲು ತೆರೆಯುವ ಮೊದಲು ಅಮ್ಮ ಇನ್ನೊಂದು ದೋಸೆ ಹೊಯ್ದಳು’ ಎಂದೇ ಎಲ್ಲರದ್ದು. ಕಾಕಾರ ದನಿ ಕೊನೆಗೆ ಬಂತು: ‘ಮಂದಿ ಹೇಳಿದ್ದ ಖರೆ ತಂಗೀ. ಆ ತಾಯಿ ಏನೂ ಮರತಿಲ್ಲ. ಆ ಶಬ್ದ ತಗದಬಿಡು.’

ತೆಗೆದೆ. ನಾನು ಬರೆದದ್ದರಲ್ಲಿ ಅದೊಂದು ನಿಲ್ಲುವಂಥದ್ದು ಎಂದು ಈಗಲೂ ಅಂದುಕೊಳ್ಳುತ್ತೇನೆ. ಅಮ್ಮನಿಗೆ ಓದಿ ಹೇಳಿದೆ. ಹೆಲ್ಮೆಟ್ಟಿನ ಬಣ್ಣ ತಪ್ಪು ಬರೆದಿದ್ದೀ ಎಂದು ತಿದ್ದಿದಳು.

ಅಲ್ಲಿಂದ ಕಾಕಾ ಆಗಾಗ ಬರುತ್ತಿದ್ದರು. ಎರಡು ಸಲ ಬೆಲ್, ಒಂದು ದೋಸೆ. ಅಂಚು ಗರಿಗರಿಯಾಗಿದ್ದರೆ, ಇದು ನಿಮ್ಮ ಮಗನ ಪಾಲು ಎಂದು ಮೊದಲು ಅದನ್ನೇ ಮುರಿದು ಬದಿಗಿಡುತ್ತಿದ್ದರು. ಏಳುವ ಮೊದಲು ಅದನ್ನೂ ತಾವೇ ತಿನ್ನುತ್ತಿದ್ದರು ಅನ್ನಿ.

ಹೋದ ವರ್ಷ ಕಾಕಾ ತೀರಿಹೋದರು. ಬೆಳಿಗ್ಗೆ ಪೇಪರ್ ತರಲೆಂದು ಹೋದವರು ರಸ್ತೆಯಲ್ಲೇ ಕುಸಿದರಂತೆ. ಅವರದೇ ಫೋನಿನಿಂದ ಅವರ ಮಗ ಗುಂಪಿನಲ್ಲಿ ಮರಾಠಿಯಲ್ಲಿ ಸುದ್ದಿ ಹಾಕಿದ. ತನಗೆ ಕನ್ನಡ ಓದಲು ಬರುವುದಿಲ್ಲ, ಅಪ್ಪ ದಿನವಿಡೀ ಇಲ್ಲಿ ಯಾರೊಡನೆ ಏನು ಮಾತಾಡುತ್ತಿದ್ದರೋ ತಿಳಿಯದು, ತಿಳಿದವರು ಹೇಳಬೇಕು ಎಂದು ಕೇಳಿದ್ದ.

ಒಬ್ಬರೂ ಹೂ ಹಾಕಲಿಲ್ಲ, ಕೈಮುಗಿದ ಚಿತ್ರ ಹಾಕಲಿಲ್ಲ. ಸಂಜೆ ಎಲ್ಲರೂ ತಂತಮ್ಮ ಸ್ಟೇಷನ್ನಿನಲ್ಲಿ ಇಳಿದರು. ಆಮೇಲೆ ವರ್ತಕ ನಗರದ ಹೋಟೆಲಿನವರು ಕಾಕಾ ಎಂದೋ ಆಡಿದ್ದ ಒಂದು ಮಾತು ಹಾಕಿದರು. ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು. ಅವರ ಕವಿತೆಯ ಒಂದೇ ಒಂದು ಸಾಲೂ ಯಾರಿಗೂ ನೆನಪಿರಲಿಲ್ಲ, ಪಾಪ. ಆದರೆ ಒಬ್ಬೊಬ್ಬರ ಸಂಗಡ ಅವರ ಒಂದೊಂದು ಮಾತು ಇಳಿದಿತ್ತು. ನಾನು ರಿಕ್ಷಾದ ಸಾಲಿನಲ್ಲಿ ನಿಂತು, ಕಣ್ಣು ಮಂಜಾಗಿ ಕೀ ಕಾಣದೆ, ‘ಹೇಳ್ರಿ ಅಕ್ಕಾರ, ನನಗೇನೂ ಅವಸರಿಲ್ಲ’ ಎಂದು ಹಾಕಿದೆ. ಎಲ್ಲವನ್ನೂ ನನ್ನಿಂದ ಓದಿಸಿ ಕೇಳಿ, ಮರಾಠಿಯಲ್ಲಿ ಬಾಯಲ್ಲೇ ಹೇಳಿ ಅವರ ಮಗನಿಗೆ ಕಳಿಸಿಕೊಟ್ಟವಳು ವಾಶಿಯ ಹುಡುಗಿ.

ಈಗ ಅವಳು ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ, ಭಾನುವಾರ ನಮ್ಮಲ್ಲಿಗೆ ಬರುತ್ತಾಳೆ. ಮೊನ್ನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ಸಲ ಬೆಲ್ ಆಯಿತು. ತಲೆ ಒರೆಸುತ್ತಿದ್ದ ನಾನು ಹಾಗೇ ಬಾಗಿಲ ಕಡೆ ತಿರುಗಿದೆ. ಅಮ್ಮ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಕಾವಲಿಗೆ ಇನ್ನೊಂದು ದೋಸೆ ಹೊಯ್ದು, ಮುಚ್ಚಳ ಮುಚ್ಚಿ, ತುಳುವಿನಲ್ಲಿ ನನಗೆ ಹೇಳಿದಳು: ‘ಚಿಕ್ಕು ಅಲ್ಲ, ನಿನ್ನ ಕಾಕಾನೂ ಅಲ್ಲ. ವಾಶಿಯ ಹುಡುಗಿ ಇರಬೇಕು. ಹೋಗಿ ಬಾಗಿಲು ತೆಗಿ, ದೋಸೆ ಬಿಸಿ ಇರುವಾಗ ತಿನ್ನಲಿ.’